ಅತ್ತೆಯ ಹನ್ನೆರಡು ಬೆರಳಿನ ಕರುಳು

"ಅಜ್ಜೀ, ಇವತ್ತು ಯಾವ ಕಲರ್?"

ಬೆಳಗಿನ ಏಳೂವರೆ ಗಂಟೆ. ನಾನು ತಟ್ಟೆಗೆ ಅವಲಕ್ಕಿ ಬಡಿಸುತ್ತಿದ್ದೆ. ಕೇಳಿದವಳು ನನ್ನ ಮಗಳು ಮೈತ್ರಿ, ಹದಿನೈದು ವರ್ಷ. ಕೇಳಿಸಿಕೊಂಡವರು ನನ್ನ ಅತ್ತೆ, ಎಪ್ಪತ್ತೊಂದು ವರ್ಷ. ಸೀರೆಯ ವಿಷಯ ಎಂದುಕೊಂಡಿರಾ? ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ. ಅಲ್ಲ ಸ್ವಾಮಿ. ಅವಳು ಕೇಳಿದ್ದು, ಅತ್ತೆ ಆಗಷ್ಟೇ ಟಾಯ್ಲೆಟ್ಟಿನಲ್ಲಿ ಫ್ಲಶ್ ಮಾಡಿ ಬಂದದ್ದರ ಬಣ್ಣವನ್ನು!

(ತಿಂಡಿ ತಿನ್ನುತ್ತಾ ಓದುತ್ತಿರುವವರು ಕ್ಷಮಿಸಿ. ಈ ವಾರ ನಾನು ಇದನ್ನು ಬಿಟ್ಟು ಬೇರೇನೂ ಬರೆಯಲಾರೆ.)

"ಥೂ! ತಾಟಿನ ಮುಂದ ಕುಂತು ಇಂಥಾದ್ದು ಕೇಳ್ತಾರೇನ ಹುಡುಗಿ?" ಎಂದರು ಅತ್ತೆ.

"ಅಜ್ಜಿ, ಇಟ್ಸ್ ಸೈನ್ಸ್. ಗ್ರೀಕ್ ಡಾಕ್ಟರ್ಸ್ ಡೈಲಿ ಕೇಳ್ತಿದ್ರು."

"ಅವರು ಅವರ ಮನ್ಯಾಗ ಕೇಳ್ಕೊಳ್ಳಿ."

ಹಾಗೆ ಗದರಿದವರು ಆಮೇಲೆ ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಮೈತ್ರಿ ಗಂಭೀರವಾಗಿ ತಲೆಯಾಡಿಸಿ ಒಂದು ಹಾಳೆಯಲ್ಲಿ ಬರೆದುಕೊಂಡಳು. ನಾನು ನಾಚಿಕೆಯಿಂದ ಅಡುಗೆಮನೆಗೆ ಓಡಿದೆ. ಆ ನಾಚಿಕೆ ನಮ್ಮ ಮನೆಗೆ ಎಷ್ಟು ದುಬಾರಿಯಾಗಲಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಾವಿರುವುದು ಡಚ್ಚರ ದೇಶದ ಐಂಡ್‌ಹೋವನ್ ಎಂಬ ಊರಿನಲ್ಲಿ. ನನ್ನ ಗಂಡ ಚಿಪ್ ತಯಾರಿಸುವ ಮಷೀನ್‌ಗಳನ್ನು ಕೂರಿಸುವ ಎಂಜಿನಿಯರ್. ಈ ಬೇಸಿಗೆಯಲ್ಲಿ ಆರು ವಾರ ತೈವಾನ್‌ಗೆ ಹೋಗಿದ್ದರು. ಧಾರವಾಡದಿಂದ ಅತ್ತೆ ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ಮನೆಯಲ್ಲಿ ನಾವು ಮೂವರೇ ಹೆಂಗಸರು. ಆರಾಮಾಗಿತ್ತು.

ನಮ್ಮ ಅತ್ತೆ ಸಾಮಾನ್ಯರಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಧಾರವಾಡದ ಏರಿನಲ್ಲಿ ಸೀರೆ ಉಟ್ಟು ಸೈಕಲ್ ತುಳಿದವರು. ಕೊರಳಲ್ಲಿ ಸೀಟಿ ಈಗ ಇಲ್ಲ, ಆದರೆ ದನಿಯಲ್ಲಿ ಇದೆ. ಇಲ್ಲಿಗೆ ಬಂದಿಳಿದ ಮರುದಿನವೇ ನಮ್ಮ ಗಲ್ಲಿಯ ಸೈಕಲ್ ಪಥ ನೋಡಿ ಕಣ್ಣರಳಿಸಿದರು. "ಏರಿಲ್ಲ, ಇಳಕಲಿಲ್ಲ, ಇದೆಂಥಾ ಚಂದ ಊರವಾ! ನನಗೊಂದು ಸೈಕಲ್ ಕೊಡಸು" ಎಂದರು. ಕೊಡಿಸಿದೆ. ದಿನಾ ಸಂಜೆ ಅಜ್ಜಿ ಮೊಮ್ಮಗಳು ಕಾಲುವೆಯ ದಂಡೆಯ ಮೇಲೆ ಐದಾರು ಕಿಲೋಮೀಟರ್ ಹೋಗಿ ಬರುತ್ತಿದ್ದರು. ಡಚ್ ಅಜ್ಜಿಯರು ಇವರ ಕಾಸಿನಗಲದ ಬೊಟ್ಟು, ಗೂಟದ ಹಾಗೆ ನೆಟ್ಟಗಿನ ಬೆನ್ನು ನೋಡಿ ಕೈಬೀಸುತ್ತಿದ್ದರು.

ಎರಡನೇ ವಾರಕ್ಕೆ ಮೊಣಕಾಲು ನೋವು ಶುರುವಾಯಿತು. ಅದನ್ನು ನನ್ನ ಹತ್ತಿರ ಮಾತ್ರ ಹೇಳಿದರು. ಪಿ.ಟಿ. ಟೀಚರಿಗೆ ಕಾಲು ನೋವು ಎಂದರೆ ಮರ್ಯಾದೆ ಪ್ರಶ್ನೆಯಲ್ಲವೇ? ನಾನು ಏನು ಮಾಡಿದೆ? ಇಲ್ಲಿರುವ ನಮ್ಮವರೆಲ್ಲ ಮಾಡುವುದನ್ನೇ ಮಾಡಿದೆ. ಬೆಡ್‌ರೂಮಿನ ಕಪಾಟಿನ ಮೇಲಿನ ಖಾನೆಯಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿದೆ.

ಆ ಡಬ್ಬಿಯ ಬಗ್ಗೆ ವಿವರಣೆ ಬೇಕೇ? ನಿಮ್ಮ ಮನೆಯಲ್ಲೂ ಇದೆ, ಸುಮ್ಮನಿರಿ. ಬೆಂಗಳೂರಿಗೆ ಹೋದಾಗಲೆಲ್ಲ ವಾಪಸ್ ಬರುವ ಸೂಟ್‌ಕೇಸಿನ ಒಂದು ಮೂಲೆ ಮೆಡಿಕಲ್ ಶಾಪಿನದ್ದು. ಜ್ವರಕ್ಕೆ, ಭೇದಿಗೆ, ಗಂಟಲಿಗೆ, ಬೆನ್ನಿಗೆ, ಇನ್ನೂ ಬಂದಿಲ್ಲದ ಕಾಯಿಲೆಗೆ. ಇಲ್ಲಿನ ಡಾಕ್ಟರು ಪ್ಯಾರಸಿಟಮಾಲ್ ಬಿಟ್ಟು ಏನೂ ಕೊಡುವುದಿಲ್ಲ ಎಂಬುದು ನಮ್ಮ ಕನ್ನಡ ವಾಟ್ಸ್ಆ್ಯಪ್ ಗ್ರೂಪಿನ ಮೊದಲ ಪಾಠ. ನಾನು ಅತ್ತೆಯ ಕೈಗೆ ನೋವಿನ ಮಾತ್ರೆಯ ಒಂದು ಸ್ಟ್ರಿಪ್ ಕೊಟ್ಟೆ. ಅದು ಖಾಲಿಯಾದಾಗ ಇನ್ನೊಂದು ಕೊಟ್ಟೆ. ಮೂರನೆಯದನ್ನೂ ಕೊಟ್ಟೆ. ಲೆಕ್ಕ ಕೇಳಲಿಲ್ಲ.

ಐದು ವಾರ ಕಳೆಯುವಷ್ಟರಲ್ಲಿ ಅತ್ತೆಗೆ ಹೊಟ್ಟೆ ನೋವು. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ. ಹಸಿವಾದಾಗ ಜಾಸ್ತಿ. ಸರಿ, ಹೌಸಾರ್ಟ್ಸ್ ಹತ್ತಿರ ಕರೆದುಕೊಂಡು ಹೋದೆ (ಅಂದರೆ ನಮ್ಮ ಏರಿಯಾದ ಮನೆ ಡಾಕ್ಟರು. ಇಲ್ಲಿ ಮೊದಲು ಇವರ ಬಾಗಿಲು, ಆಮೇಲೆ ಉಳಿದ ಬಾಗಿಲುಗಳು). ಒಬ್ಬ ರೋಗಿಗೆ ಹತ್ತು ನಿಮಿಷ. ಉದ್ದನೆಯ, ಶಾಂತ ಮುಖದ ಹೆಂಗಸು. ಅತ್ತೆಗೆ ಡಚ್ ಬಾರದು, ಡಾಕ್ಟರಿಗೆ ಧಾರವಾಡದ ಕನ್ನಡ ಬಾರದು. ನಡುವೆ ನಾನು, ದುಭಾಷಿ.

ಡಾಕ್ಟರು ಕೇಳಿದರು, "ಮಲ ಕಪ್ಪಗಿದೆಯೇ?"

ನೋಡಿ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಸೊಸೆಯೊಬ್ಬಳು ತನ್ನ ಅತ್ತೆಯ ಕಡೆ ತಿರುಗಿ, ಪರದೇಶದ ಕ್ಲಿನಿಕ್ಕಿನಲ್ಲಿ, ಗಟ್ಟಿಯಾಗಿ ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದು ಹೇಗೆ? ಯಾವ ಪದ ಬಳಸುವುದು? ಹದಿನೆಂಟು ವರ್ಷಗಳಲ್ಲಿ ನಾನು ಅತ್ತೆಯ ಜೊತೆ ಊಟ, ಹಬ್ಬ, ಮೊಮ್ಮಗಳ ಮಾರ್ಕ್ಸು, ನೆಂಟರ ಜಗಳ ಎಲ್ಲ ಮಾತಾಡಿದ್ದೇನೆ. ಇದನ್ನು ಮಾತ್ರ ಮಾತಾಡಿಲ್ಲ. ನಾನು ಕೇಳಲೇ ಇಲ್ಲ. "ನಾರ್ಮಲ್" ಎಂದುಬಿಟ್ಟೆ.

"ಬೇರೆ ಯಾವುದಾದರೂ ಮಾತ್ರೆ?"

"ನೇ," ಎಂದೆ. ಇಲ್ಲ ಎಂದು, ಡಚ್ ಭಾಷೆಯಲ್ಲಿ. ಎರಡು ವರ್ಷದ ಹಿಂದೆ ಇದೇ ಡಾಕ್ಟರು, ಇಂಡಿಯಾದಿಂದ ತಂದ ಆ್ಯಂಟಿಬಯಾಟಿಕ್ ನುಂಗಿದ್ದಕ್ಕೆ ನನಗೆ ಐದು ನಿಮಿಷ ಪಾಠ ಮಾಡಿದ್ದರು. ಮತ್ತೆ ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಡಾಕ್ಟರು ಆ್ಯಂಟಾಸಿಡ್ ಬರೆದುಕೊಟ್ಟು, ವಾರದೊಳಗೆ ಕಡಿಮೆಯಾಗದಿದ್ದರೆ ಬನ್ನಿ ಎಂದರು. ಅವರ ತಪ್ಪೇನು? ಅವರ ಮುಂದೆ ನಾನು ಕೂರಿಸಿದ್ದು ಅತ್ತೆಯನ್ನಲ್ಲ, ನಾನೇ ತಯಾರು ಮಾಡಿದ ಇನ್ಯಾವುದೋ ಹೆಂಗಸನ್ನು.

ಈಗ ಗ್ರೀಕರು ಬರುತ್ತಾರೆ.

ಮೈತ್ರಿ ಓದುವುದು ಜಿಮ್ನಾಸಿಯಂ ಎಂಬ ಬಗೆಯ ಹೈಸ್ಕೂಲಿನಲ್ಲಿ. (ಹೆಸರು ಕೇಳಿ ಅತ್ತೆ ಕಸರತ್ತಿನ ಶಾಲೆ ಎಂದು ಹಿಗ್ಗಿದ್ದರು. ಪಾಪ.) ಅಲ್ಲಿ ಮಕ್ಕಳು ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಕಲಿಯುತ್ತಾರೆ. ಎಂಜಿನಿಯರ್ ದಂಪತಿಯ ಮಗಳು ಇದನ್ನು ಓದಿ ಏನು ಮಾಡುತ್ತಾಳೆ ಎಂದು ನಾನು ಎಷ್ಟು ಸಲ ಗೊಣಗಿದ್ದೇನೋ. ಆ ವಾರ ಅವಳ ಟೀಚರ್ ಕೊಟ್ಟ ಹೋಮ್‌ವರ್ಕ್, ಎರಡು ಸಾವಿರದ ನಾನೂರು ವರ್ಷದ ಹಿಂದಿನ ಗ್ರೀಕ್ ವೈದ್ಯರು ಬರೆದಿಟ್ಟ ರೋಗಿಗಳ ಟಿಪ್ಪಣಿಗಳನ್ನು ಅನುವಾದಿಸುವುದು.

ಡಾಕ್ಟರ ಹತ್ತಿರ ಹೋಗಿ ಬಂದ ಸಂಜೆ ಅವಳು ಸೋಫಾದ ಮೇಲೆ ಕುಳಿತು ಅದನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು. ನಾನು ಬಟ್ಟೆ ಮಡಚುತ್ತಾ ಕೇಳಿಸಿಕೊಂಡೆ. ಕೇಳುತ್ತಾ ಕೇಳುತ್ತಾ ಬಟ್ಟೆ ಮಡಚುವುದನ್ನೇ ಮರೆತೆ.

ಯಾರೋ ಒಬ್ಬ. ಊರಿನ ಗೋಡೆಯ ಹತ್ತಿರ ಮನೆ. ಮೊದಲ ದಿನ ಜ್ವರ, ಬೆವರು. ಎರಡನೇ ದಿನ ಎಲ್ಲ ಹೆಚ್ಚಾಯಿತು. ಮೂರನೇ ದಿನ ಮಧ್ಯಾಹ್ನ ಇಳಿದ ಹಾಗೆ ಕಂಡಿತು, ಸಂಜೆ ಮತ್ತೆ ಏರಿತು. ಮೂತ್ರದ ಬಣ್ಣ ಇಂಥದ್ದು. ನಿದ್ದೆ ಇಲ್ಲ. ಇಷ್ಟೇ! ದೇವರ ಸಿಟ್ಟಿಲ್ಲ, ಶಾಪವಿಲ್ಲ, ಯಾರ ಕಣ್ಣು ಬಿತ್ತು ಎಂಬ ಮಾತಿಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತ ಒಬ್ಬ ಮನುಷ್ಯ, ಕಂಡದ್ದನ್ನು ಕಂಡ ಹಾಗೆ ದಿನಕ್ಕೊಂದರಂತೆ ಬರೆದಿದ್ದಾನೆ.

ಅದೇ ಕಾಲದಲ್ಲಿ ಅದೇ ಗ್ರೀಕರು ಕಾಯಿಲೆ ಬಿದ್ದಾಗ ಗುಡಿಗೂ ಹೋಗುತ್ತಿದ್ದರಂತೆ. ರಾತ್ರಿ ಅಲ್ಲೇ ಮಲಗಿದರೆ ಕನಸಿನಲ್ಲಿ ದೇವರು ಬಂದು ಮದ್ದು ಹೇಳುತ್ತಾನೆ ಎಂಬ ನಂಬಿಕೆ. ನಗಬೇಡಿ, ನಾವು ಇವತ್ತಿಗೂ ಹರಕೆ ಹೊರುತ್ತೇವೆ, ಜೊತೆಗೆ ಸ್ಕ್ಯಾನಿಂಗೂ ಮಾಡಿಸುತ್ತೇವೆ. ಅವರೂ ಹಾಗೇ. ಆದರೆ ಕೋಸ್ ಎಂಬ ದ್ವೀಪದ ಕಡೆಯ ಆ ವೈದ್ಯರ ಗುಂಪು ಹಿಡಿದ ಹಟ ನೋಡಿ. ನೋಡು, ಮುಟ್ಟು, ಮೂಸು, ಕೇಳು, ಬರೆದಿಡು! ಔಷಧಿ ಅವರ ಹತ್ತಿರ ಹೆಚ್ಚೇನೂ ಇರಲಿಲ್ಲ. ಗಂಜಿ, ಜೇನು, ವಿಶ್ರಾಂತಿ. (ನಮ್ಮ ಹೌಸಾರ್ಟ್ಸ್ ವಂಶದ ಮೂಲಪುರುಷರು ಇವರೇ ಎಂದು ನನಗೆ ಅವತ್ತು ಖಾತ್ರಿಯಾಯಿತು.)

"ಮುಂದ ಏನಾತು ಆ ಗ್ವಾಡಿ ಬಾಜೂದಾಂವಗ?" ಅತ್ತೆಗೆ ತಡೆಯಲಾಗಲಿಲ್ಲ.

"ಸತ್ತೋದ, ಅಜ್ಜಿ."

"ಅಯ್ಯ! ಸತ್ತದ್ದನ್ನೂ ಬರದಾನಾ ಡಾಕ್ಟರ?"

"ಹೂಂ. ತುಂಬಾ ಪೇಷೆಂಟ್ಸ್ ಸಾಯ್ತಾರೆ. ಎಲ್ಲಾ ಬರೆದಿದ್ದಾರೆ."

ಅತ್ತೆ ಅವಳ ಪುಸ್ತಕವನ್ನು ಎಳೆದುಕೊಂಡು ಆ ಗ್ರೀಕ್ ಅಕ್ಷರಗಳನ್ನು ನೋಡಿದರು. "ಭಾಳ ಪ್ರಾಮಾಣಿಕ ಮನಷ್ಯಾ ಬಿಡು ಅಂವಾ," ಎಂದರು. ಆಮೇಲೆ ತಾವಾಗಿಯೇ, "ನಂದೂ ಬರಿ ಹಂಗ" ಎಂದರು. ಆ ರೀತಿ ಶುರುವಾಯಿತು ಆ ಹಾಳೆ. ಎ-ಫೋರ್ ಕಾಗದ, ಸ್ಕೇಲಿನಿಂದ ಎಳೆದ ಗೆರೆಗಳು. ದಿನ, ಊಟ, ನೋವು ಬಂದ ಹೊತ್ತು, ನಿದ್ದೆ ಮತ್ತು ಕಲರ್.

ನಾಡಿಯ ಕಾಲಂ ಮಾತ್ರ ಅತ್ತೆಯೇ ಸೇರಿಸಿದ್ದು. ಅದಕ್ಕೂ ಗ್ರೀಕರೇ ಕಾರಣ. ಕೋಸ್‌ನವರ ಕಾಲವಾಗಿ ನೂರು ವರ್ಷದ ಮೇಲೆ ಅಲೆಕ್ಸಾಂಡ್ರಿಯಾ ಎಂಬ ಬಂದರು ಊರಿನಲ್ಲಿ ಒಬ್ಬ ಗ್ರೀಕ್ ವೈದ್ಯ ಬಂದ. ಸತ್ತವರ ದೇಹವನ್ನು ಕೊಯ್ದು ಒಳಗೆ ಏನಿದೆ ಎಂದು ನಿಜವಾಗಿ ನೋಡಿದ ಮೊದಲಿಗರಲ್ಲಿ ಅವನೊಬ್ಬ. ಅಲ್ಲಿಯವರೆಗೆ ಬಹಳ ಜನ ಯೋಚನೆ ಮಾಡುವುದು ಹೃದಯ ಎಂದುಕೊಂಡಿದ್ದರು. ಇವನು ಅಲ್ಲ, ಮಿದುಳು ಎಂದ. ನರಗಳೇ ಬೇರೆ, ರಕ್ತನಾಳಗಳೇ ಬೇರೆ ಎಂದ. ಇಷ್ಟೆಲ್ಲ ಮಾಡಿದವನು ನಾಡಿಯನ್ನೂ ಬಿಡಲಿಲ್ಲ. ಆಗ ವಾಚು ಎಲ್ಲಿತ್ತು? ತಳದಲ್ಲಿ ತೂತಿದ್ದ ನೀರಿನ ಗಡಿಯಾರ ಇಟ್ಟುಕೊಂಡು, ನೀರು ಇಳಿಯುವುದರೊಳಗೆ ನಾಡಿ ಎಷ್ಟು ಬಡಿಯಿತು ಎಂದು ಎಣಿಸಿದ!

ಇದನ್ನು ಕೇಳಿ ಅತ್ತೆ ಸೋಫಾದಿಂದ ಎದ್ದೇ ಬಿಟ್ಟರು. "ಅಂವಾ ನಮ್ಮವನವಾ! ನಾ ಮೂವತ್ತು ವರ್ಷ ಇದನ್ನ ಮಾಡೇನಿ. ಹುಡುಗ್ಯಾರು ಓಡಿ ಬಂದ ಕೂಡ್ಲೆ ಮಣಿಕಟ್ಟು ಹಿಡದು, ಸ್ಟಾಪ್‌ವಾಚ್ ಒತ್ತಿ!" ಆ ಕ್ಷಣದಿಂದ ಗ್ರೀಕ್ ವೈದ್ಯ ಅವರ ಸಹೋದ್ಯೋಗಿ. ದಿನಾ ಬೆಳಗ್ಗೆ ತಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದು, ಗೋಡೆ ಗಡಿಯಾರ ನೋಡುತ್ತಾ ಎಣಿಸಿ, ಅಂಕಿಯನ್ನು ಕೂಗಿ ಹೇಳುತ್ತಿದ್ದರು.

ಎಪ್ಪತ್ತಾರು. ಎಪ್ಪತ್ತೆಂಟು. ಎಂಬತ್ತೆರಡು. ತೊಂಬತ್ತು.

ನನಗೆ ಇದೆಲ್ಲ ಒಳ್ಳೆಯ ಟೈಮ್‌ಪಾಸ್ ಅನಿಸಿತ್ತು. ಅಜ್ಜಿ ಮೊಮ್ಮಗಳು ಒಂದು ಆಟ ಹುಡುಕಿಕೊಂಡಿದ್ದಾರೆ ಎಂದು ಗಂಡನಿಗೆ ಫೋಟೋ ಕಳಿಸಿ ನಗುವ ಎಮೋಜಿ ಹಾಕಿದ್ದೆ. ಅಂಕಿ ಏರುತ್ತಿದೆ ಎಂದು ದಿನವಿಡೀ ಗ್ರಾಫ್ ನೋಡುವ ಎಂಜಿನಿಯರ್ ಆದ ನನಗೆ ಹೊಳೆಯಲೇ ಇಲ್ಲ.

ಐದನೇ ದಿನ ನಾನು ಬೇಗ ಆಫೀಸಿಗೆ ಹೋಗಿದ್ದೆ. ಮೈತ್ರಿಗೆ ಮೊದಲ ಪೀರಿಯಡ್ ಇರಲಿಲ್ಲ, ಮನೆಯಲ್ಲೇ ಇದ್ದಳು. ಒಂಬತ್ತೂವರೆಗೆ ಮೀಟಿಂಗ್ ಮಧ್ಯೆ ಫೋನ್ ನಡುಗಿತು. ಆ ಹಾಳೆಯ ಫೋಟೋ. ದೊಡ್ಡದು ಮಾಡಿ ನೋಡಿದೆ. ಮೈತ್ರಿ ಡಚ್ ಭಾಷೆಯಲ್ಲಿ ಬರೆದಿದ್ದಳು.

ಐದನೇ ದಿನ. ನಾಡಿ: ನೂರಾ ಹತ್ತು. ತಲೆ ಸುತ್ತು. ಕಲರ್: ಕಪ್ಪು, ಡಾಂಬರಿನ ಹಾಗೆ. ಅದರ ಕೆಳಗೆ, ಊಟದ ಕಾಲಂನಲ್ಲಿ, ಹೊಸದಾಗಿ ಒಂದು ಸಾಲು. ಬಿಳಿ ಮಾತ್ರೆ, ಒಂದು, ದಿನಾ ಬೆಳಗ್ಗೆ, ಖಾಲಿ ಹೊಟ್ಟೆಗೆ, ಐದು ವಾರದಿಂದ. ಅದರ ಪಕ್ಕದಲ್ಲಿ ಮೂರೇ ಪದ.

"ಮಾಮಾ ವೇತ್ ಹೆತ್." ಅಮ್ಮನಿಗೆ ಗೊತ್ತು.

ಆಮೇಲೆ ತಿಳಿದದ್ದು ಇಷ್ಟು. ಕಪ್ಪು ಎಂದು ಕೇಳಿದ ಕೂಡಲೇ ಮೈತ್ರಿ ಪೆನ್ನು ಕೆಳಗಿಟ್ಟಿದ್ದಳು. ಆ ಗ್ರೀಕ್ ಟಿಪ್ಪಣಿಗಳಲ್ಲಿ ಕಪ್ಪು ಎಂಬ ಮಾತು ಬಂದ ಮೇಲೆ ರೋಗಿಗಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ ಎಂದು ಅವಳು ಓದಿದ್ದಳಲ್ಲ. "ಅಜ್ಜಿ, ಪ್ಲೀಸ್, ನಿಜ ಹೇಳಿ. ಇನ್ನೇನು ತಗೊಂಡಿದ್ದೀರಿ?" ಎಂದು ಕೇಳಿದಳಂತೆ. ಅತ್ತೆ ಮೊದಲು ಚಹಾ ಎಂದರು. ಆಮೇಲೆ ನೀರು ಎಂದರು. ಮೊಮ್ಮಗಳ ಕಣ್ಣು ತುಂಬಿದ್ದು ನೋಡಿ ದಿಂಬಿನ ಕೆಳಗಿಂದ ಸ್ಟ್ರಿಪ್ ತೆಗೆದು ಕೊಟ್ಟರು. "ಮೊಣಕಾಲಿನ ಗುಳಗಿ. ನಿನ್ನ ಜೋಡಿ ಸೈಕಲ್ ಹೊಡೀಬೇಕಲ್ಲ. ನಿಮ್ಮವ್ವನ ಕೊಟ್ಟಾಳ, ಆಕಿಗೆ ಗೊತ್ತದ."

ಮೀಟಿಂಗಿನಿಂದ ಹೇಗೆ ಎದ್ದೆನೋ ಗೊತ್ತಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಸಹಾಯಕಿ ಎತ್ತಿದಳು. ನಾನು ನಾಚಿಕೆ ಎಲ್ಲ ಬಿಟ್ಟು, ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನರ ಮುಂದೆ, ನಮ್ಮ ಅತ್ತೆಯ ಮಲದ ಬಣ್ಣವನ್ನು ಸ್ಪಷ್ಟವಾದ ಡಚ್ ಭಾಷೆಯಲ್ಲಿ ವರ್ಣಿಸಿದೆ. ಯಾರೂ ತಿರುಗಿ ನೋಡಲಿಲ್ಲ. ಒಬ್ಬರೂ ನೋಡಲಿಲ್ಲ! ಇಷ್ಟಕ್ಕಾಗಿ ನಾನು ಐದು ದಿನದ ಹಿಂದೆ ಸುಳ್ಳು ಹೇಳಿದ್ದೆನೇ?

ತಕ್ಷಣ ಬನ್ನಿ ಎಂದರು. ಅದೇ ರೂಮು, ಅದೇ ಉದ್ದನೆಯ ಡಾಕ್ಟರು. ಮೈತ್ರಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಊಟ ಮಾಡಿದರೆ ನೋವು ಇಳಿಯುತ್ತದೆ, ಮೂರು ಗಂಟೆಯ ಮೇಲೆ ಮತ್ತೆ ಬರುತ್ತದೆ ಎಂಬಲ್ಲಿ ಬೆರಳಿಟ್ಟರು. ನಾಡಿಯ ಸಾಲಿನ ಮೇಲೆ ಬೆರಳು ಜಾರಿಸಿದರು. ಕೊನೆಯ ಸಾಲಿನಲ್ಲಿ ನಿಂತರು. ಆಮೇಲೆ ನನ್ನ ಕಡೆ ನೋಡಿ ಅದೇ ಹಳೆಯ ಪ್ರಶ್ನೆ ಕೇಳಿದರು.

"ಬೇರೆ ಮಾತ್ರೆ?"

"ಯಾ," ಎಂದೆ. "ನಾನೇ ಕೊಟ್ಟದ್ದು. ಅವತ್ತು ನಿಮಗೆ ಸುಳ್ಳು ಹೇಳಿದೆ. ಮಲದ ಪ್ರಶ್ನೆಯನ್ನೂ ಅವರಿಗೆ ಕೇಳಿರಲಿಲ್ಲ." ಡಾಕ್ಟರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಫೋನ್ ಎತ್ತಿಕೊಂಡು ಆಸ್ಪತ್ರೆಗೆ ಹೇಳಿದರು. ಅದು ಬೈದದ್ದಕ್ಕಿಂತ ಜೋರಾಗಿ ನಾಟಿತು.

ಅವತ್ತೇ ಅಡ್ಮಿಟ್. ಬಾಯಿಯಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಆ ನೋವಿನ ಮಾತ್ರೆಯಿಂದ ಒಳಗೆ ಹುಣ್ಣು ಆಗಿ ರಕ್ತ ಒಸರುತ್ತಿತ್ತು, ಮಲ ಕಪ್ಪಾದದ್ದು ಅದರಿಂದಲೇ. ರಕ್ತವನ್ನು ಅಲ್ಲೇ ನಿಲ್ಲಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಎಂದು ಅಲ್ಲಿನ ಯುವ ಡಾಕ್ಟರು ಶುರು ಮಾಡಿ, ವಾಕ್ಯ ಮುಗಿಸದೆ ಕಾರಿಡಾರಿನಲ್ಲಿ ನನಗೊಂದು ಕುರ್ಚಿ ಎಳೆದುಕೊಟ್ಟರು. ಆ ಕಾರಿಡಾರಿನಲ್ಲಿ, ಅತ್ತೆ ಎಂದರೆ ನನಗೆ ಏನು ಎಂದು ಹದಿನೆಂಟು ವರ್ಷದಲ್ಲಿ ಮೊದಲ ಸಲ ತಿಳಿದುಕೊಂಡೆ. ಅತ್ತುಬಿಟ್ಟೆ.

ಆಗಲೇ ನಡೆದದ್ದು ಈ ಕಥೆಯ ಅತ್ಯಂತ ಮಜದ ಭಾಗ. ಹುಣ್ಣು ಎಲ್ಲಿದೆ ಎಂದು ಡಾಕ್ಟರು ಚಿತ್ರ ತೋರಿಸಿದರು. ಹೊಟ್ಟೆ ಮುಗಿದು ಸಣ್ಣ ಕರುಳು ಶುರುವಾಗುವ ಜಾಗ. ಡಚ್ ಭಾಷೆಯಲ್ಲಿ ಅದರ ಹೆಸರು "ಹನ್ನೆರಡು ಬೆರಳಿನ ಕರುಳು". ಮೈತ್ರಿ ಕುರ್ಚಿಯಿಂದ ಹಾರಿದಳು!

"ಮಾಮಾ! ಇಟ್ಸ್ ಹಿಮ್! ಅದೇ ಅಲೆಕ್ಸಾಂಡ್ರಿಯಾ ಡಾಕ್ಟರ್! ಪಲ್ಸ್ ಡಾಕ್ಟರ್! ಅವನೇ ಅಳೆದು ಹೆಸರಿಟ್ಟಿದ್ದು!"

ಹೌದಂತೆ. ದೇಹ ಕೊಯ್ದು ನೋಡಿದ ಆ ಮನುಷ್ಯ, ಕರುಳಿನ ಆ ತುಂಡಿನ ಮೇಲೆ ಬೆರಳುಗಳನ್ನು ಒಂದರ ಪಕ್ಕ ಒಂದು ಇಟ್ಟು ಅಳೆದ. ಹನ್ನೆರಡು ಬೆರಳಿನಷ್ಟು ಉದ್ದ ಬಂತು. ಅದನ್ನೇ ಹೆಸರು ಮಾಡಿದ. ಅದು ಲ್ಯಾಟಿನ್ನಿಗೆ ಹೋಯಿತು, ಇಂಗ್ಲಿಷಿನ ಡುಯೋಡಿನಮ್ ಆಯಿತು, ಡಚ್ಚರ ಬಾಯಲ್ಲಿ ನೇರವಾಗಿ ಬೆರಳಾಗಿಯೇ ಉಳಿಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ಸಮುದ್ರದ ದಂಡೆಯ ಊರಿನಲ್ಲಿ ಒಬ್ಬ ಇಟ್ಟ ಬೆರಳು, ಐಂಡ್‌ಹೋವನ್ನಿನ ಆಸ್ಪತ್ರೆಯ ಸ್ಕ್ರೀನಿನ ಮೇಲೆ, ಧಾರವಾಡದ ಪಿ.ಟಿ. ಟೀಚರ ಹೊಟ್ಟೆಯೊಳಗೆ! ನನಗೆ ಮೈ ಜುಮ್ಮೆಂದಿತು. ಈಗ ಬರೆಯುವಾಗಲೂ ಜುಮ್ಮೆನ್ನುತ್ತಿದೆ.

ಅತ್ತೆಗೆ ಹೇಳಿದೆವು. ಡ್ರಿಪ್ ಇಲ್ಲದ ಕೈಯನ್ನು ಹೊಟ್ಟೆಯ ಮೇಲೆ ಅಡ್ಡ ಇಟ್ಟುಕೊಂಡು ಬೆರಳು ಎಣಿಸಿದರು. "ಖರೇನ ಹನ್ನೆರಡ ಇರ್ತದೇನ? ಅಂವನ ಬಳ್ಳು ದಪ್ಪ ಇದ್ವೋ, ಸಣ್ಣ ಇದ್ವೋ ಯಾರಿಗೆ ಗೊತ್ತು?" ಪಿ.ಟಿ. ಟೀಚರಿಗೆ ಅಳತೆ ಎಂದರೆ ಅಳತೆ.

ಅವರ ಸಂಶಯ ಸರಿಯೇ. ಆ ಕಾಲದವರು ಎಲ್ಲವನ್ನೂ ಸರಿಯಾಗಿ ಕಂಡರು ಎಂದೇನಿಲ್ಲ. ಸತ್ತ ದೇಹದ ರಕ್ತನಾಳ ಖಾಲಿ ಇದ್ದದ್ದು ನೋಡಿ, ಅದರಲ್ಲಿ ಗಾಳಿ ಓಡುತ್ತದೆ ಎಂದು ನಂಬಿದವರೂ ಇದ್ದರು. ಇನ್ನೂ ಮುಂದೆ ಮನುಷ್ಯರನ್ನು ಕೊಯ್ಯುವುದೇ ನಿಂತುಹೋದಾಗ, ಹೆಸರುವಾಸಿ ವೈದ್ಯನೊಬ್ಬ ಮಂಗ, ಹಂದಿಗಳನ್ನು ಕೊಯ್ದು ನೋಡಿ ಮನುಷ್ಯನ ದೇಹ ಹೀಗಿದೆ ಎಂದು ಬರೆದ. ಸಾವಿರ ವರ್ಷದ ಮೇಲೂ ಜನ ಅದನ್ನೇ ಓದಿದರು. ಅವನನ್ನು ಬೈಯಲು ನನಗೆ ಬಾಯಿಲ್ಲ. ನಾನು ಮಾಡಿದ್ದೂ ಅದೇ ತಾನೇ? ಎದುರಿಗಿದ್ದ ಮನುಷ್ಯರನ್ನು ಬಿಟ್ಟು ಬೇರೆ ಯಾವುದನ್ನೋ ತೋರಿಸಿ, ಇದೇ ನಮ್ಮತ್ತೆ ಎಂದೆ.

ಅತ್ತೆ ನಾಲ್ಕನೇ ದಿನ ಮನೆಗೆ ಬಂದರು. ಈಗ ಆರಾಮಾಗಿದ್ದಾರೆ. ಸೈಕಲ್ ಬದಲು ನಡಿಗೆ, ಮೊಣಕಾಲಿಗೆ ಇಲ್ಲಿನ ಫಿಸಿಯೋ. (ಫಿಸಿಯೋ ಹುಡುಗಿಗೆ ಎರಡು ವ್ಯಾಯಾಮ ಇವರೇ ಕಲಿಸಿ ಬಂದಿದ್ದಾರೆ.) ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಸುರಿದು ಔಷಧದಂಗಡಿಗೆ ವಾಪಸ್ ಕೊಟ್ಟು ಬಂದೆ. ಖಾಲಿ ಡಬ್ಬಿಯಲ್ಲಿ ಈಗ ನಿಜವಾಗಿಯೂ ಬಿಸ್ಕತ್ತಿದೆ.

ಮೈತ್ರಿ ತನ್ನ ಗ್ರೀಕ್ ಹೋಮ್‌ವರ್ಕ್ ಜೊತೆ ಅಜ್ಜಿಯ ಹಾಳೆಯನ್ನೂ ಕ್ಲಾಸಿನಲ್ಲಿ ತೋರಿಸಬೇಕು ಎಂದಳು. ಅಜ್ಜಿ ಒಪ್ಪಿದರು, ಬಣ್ಣದ ಕಾಲಂ ಸಮೇತ. ಹಿಂದಿನ ದಿನ ಅವಳು ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಮಾಮಾ, ಆ ಲಾಸ್ಟ್ ಲೈನ್. ಅಳಿಸಿಬಿಡಲಾ? ಇಟ್ಸ್ ಓಕೆ."

ಅಳಿಸು ಎಂದು ನಾಲಿಗೆ ತುದಿಗೆ ಬಂತು. ಇಪ್ಪತ್ತೈದು ಡಚ್ ಮಕ್ಕಳ ಮುಂದೆ, ಟೀಚರ ಮುಂದೆ, 'ಅಮ್ಮನಿಗೆ ಗೊತ್ತು' ಎಂದು! ಅಲ್ಲಿ ಕುಳಿತಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು. ನನಗೆ ಗೋಡೆಯ ಪಕ್ಕದ ಮನೆಯವನ ನೆನಪಾಯಿತು. ಅವನನ್ನು ಉಳಿಸಲಾಗದ ವೈದ್ಯ, ಸೋತದ್ದನ್ನು ಅಳಿಸದೆ ಹಾಗೇ ಬಿಟ್ಟು ಹೋಗಿದ್ದ. ಅದನ್ನು ಓದಿದ್ದರಿಂದಲೇ ಅಲ್ಲವೇ ನನ್ನ ಮಗಳು ಕಪ್ಪು ಎಂದ ಕೂಡಲೇ ಪೆನ್ನು ಕೆಳಗಿಟ್ಟದ್ದು?

"ಇರಲಿ ಬಿಡು," ಎಂದೆ.

ಅಂದ ಹಾಗೆ, ಹೋದ ಸಲ ನಿಮ್ಮ ಡಾಕ್ಟರು "ಬೇರೆ ಮಾತ್ರೆ ಏನಾದರೂ?" ಎಂದು ಕೇಳಿದಾಗ ನೀವು ಏನೆಂದಿರಿ?